ನಲವತ್ತೊಂದು ಚಿಕ್ಕ ಹೆಸರುಗಳು

“ಇಲ್ಲಿದ್ದದ್ದನ್ನ ಅಳಿಸಿದ್ದು ಯಾರು?”

ದನಿ ಜೋರಾಗಿರಲಿಲ್ಲ. ಆದರೂ ಎಂಟು ಮೇಜುಗಳ ಆ ಕೋಣೆಯಲ್ಲಿ ಕೀಬೋರ್ಡುಗಳ ಸದ್ದು ಒಮ್ಮೆಲೇ ನಿಂತುಹೋಯಿತು.

ಅವಳ ಕೈಯಲ್ಲಿ ಇನ್ನೂ ಡಸ್ಟರ್ ಇತ್ತು! ಸುಳ್ಳು ಹೇಳೋಣವೆಂದರೂ ದಾರಿಯಿರಲಿಲ್ಲ.

“ನಾನೇ ಸರ್... ಇವತ್ತೇ ಸೇರಿದ್ದು.”

“ಸೇರಿ ಎಷ್ಟು ಹೊತ್ತಾಯ್ತು?”

“ಒಂದು ಗಂಟೆ.”

ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರಶ್ನೆ ಕೇಳಿದವನು ನಗಲಿಲ್ಲ. ಬೋರ್ಡಿನ ಮೇಲೆ ಬೆಳಿಗ್ಗೆಯವರೆಗೂ ‘ನಿಮಿಷಕ್ಕೆ-ಇಷ್ಟು-ಹನಿ-ಬಿಡು’ ಎಂದಿದ್ದ ಜಾಗದಲ್ಲಿ ಈಗ ‘ಹನಿ’ ಎಂದಷ್ಟೇ ಇತ್ತು. ಅದನ್ನೇ ನೋಡುತ್ತ ನಿಂತ.

“ಆ ಹೆಸರು ಇಡೋಕೆ ನನಗೆ ಮೂರು ದಿನ ಹಿಡಿದಿತ್ತು.”

“ಅದನ್ನ ಟೈಪ್ ಮಾಡೋಕೂ ಅಷ್ಟೇ ಹಿಡಿಯುತ್ತೆ ಸರ್!”

ಅಯ್ಯೋ! ಮಾತು ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಬಂತು? ಇವತ್ತೇ ಸೇರಿ ಇವತ್ತೇ ಮನೆಗೆ ಹೋಗುವ ಹಣೆಬರಹ ಇರಬೇಕು ನನ್ನದು... ಎಂದುಕೊಂಡಳು ಅವಳು.

ಆದರೆ ಅವನು ಬೈಯಲಿಲ್ಲ. ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು. ಮಾರ್ಕರ್ ತೆಗೆದುಕೊಂಡು ‘ಹನಿ’ಯ ಕೆಳಗೆ ತನ್ನ ಉದ್ದದ ಹೆಸರನ್ನು ಮತ್ತೆ ಬರೆದ.

“ಎರಡೂ ಇರಲಿ. ನಿಮ್ಮದು ಯಾಕೆ ಬೇಕು ಅಂತ ಕಾರಣ ಹೇಳಿ. ಕಾರಣ ಸರಿಯಾಗಿದ್ರೆ ನಿಮ್ಮದೇ ಉಳಿಯುತ್ತೆ.”

ಅಷ್ಟು ಹೇಳಿ ಹೋಗಿ ಕೂತ. ಅವಳ ಎದೆ ಮಾತ್ರ ಮಧ್ಯಾಹ್ನದವರೆಗೂ ಡವಡವ ಎನ್ನುತ್ತಲೇ ಇತ್ತು. ಭಯವೋ? ಭಯವೇ ಇರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಕ್ಕಳ ಆಸ್ಪತ್ರೆಯೊಂದರ ಡ್ರಿಪ್ ಯಂತ್ರಗಳಿಗಾಗಿ ಆ ಪುಟ್ಟ ಕಂಪನಿ ಒಂದು ಕಂಪ್ಯೂಟರ್ ಭಾಷೆಯನ್ನು ಕಟ್ಟಿತ್ತು. ಲಿಸ್ಪ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಕುಟುಂಬದ್ದು. ಅದರಲ್ಲಿ ಎಲ್ಲವೂ ಬ್ರಾಕೆಟ್ಟುಗಳ ಒಳಗೆ. ಬ್ರಾಕೆಟ್ ತೆರೆದ ಕೂಡಲೇ ಮೊದಲು ಬರುವ ಪದ ಏನು ಮಾಡಬೇಕೆಂದು ಹೇಳುತ್ತದೆ, ಉಳಿದವು ಎಷ್ಟು, ಯಾವಾಗ ಎಂದು ಹೇಳುತ್ತವೆ. ಆ ಮೊದಲ ಪದಕ್ಕೆ ಯಾವ ಹೆಸರನ್ನಾದರೂ ಇಡಬಹುದು, ನಮ್ಮದೇ ಅಕ್ಷರದಲ್ಲೂ ಇಡಬಹುದು. ವಾರ್ಡಿನ ನರ್ಸುಗಳು ಅಂಗೈಯಗಲದ ಪರದೆಯ ಮೇಲೆ, ನಿಂತುಕೊಂಡೇ, ಪ್ರತಿ ಕೂಸಿಗೂ ಬೇಕಾದ ನಿಯಮಗಳನ್ನು ಬರೆಯುತ್ತಿದ್ದರು.

ಆ ಭಾಷೆಗೆ ಹೆಸರುಗಳನ್ನು ಇಟ್ಟವನು ಅವನು. ತೆರೆದ ಬ್ರಾಕೆಟ್ಟುಗಳೆಲ್ಲ ಮುಚ್ಚಿವೆಯೇ ಎಂದು ಪೆನ್ಸಿಲ್ ಹಿಡಿದು ಎಣಿಸುತ್ತಿದ್ದದ್ದರಿಂದ ಆಫೀಸಿನಲ್ಲಿ ಅವನಿಗೆ ‘ಬ್ರಾಕೆಟ್’ ಎಂದೇ ಹೆಸರು. ಒಂದು ವಾರ ಕಳೆಯುವಷ್ಟರಲ್ಲಿ ಅವಳಿಗೂ ಒಂದು ಹೆಸರು ಬಿತ್ತು. ಚುಟುಕು!

ಎರಡನೆಯ ದಿನವೇ ಅವಳು ಕಾರಣ ತಂದಳು.

“ನಮ್ಮಮ್ಮ ಮೂವತ್ತು ವರ್ಷ ನರ್ಸ್ ಆಗಿದ್ದಳು ಸರ್. ಬರೆದೂ ಬರೆದೂ ಬೆರಳಿನ ಗೆಣ್ಣು ಊದಿಹೋಗಿವೆ. ಈಗ ರವಿಕೆಯ ಗುಂಡಿ ಹಾಕೋಕೂ ನಾನೇ ಬೇಕು. ಒಂದು ಕೂಸಿಗೆ ಹನಿ ಬಿಡೋಕೆ ಹತ್ತು ಅಕ್ಷರ ಯಾಕೆ ಒತ್ತಬೇಕು?”

ಅವನು ಬೋರ್ಡಿನ ಕಡೆ ತಿರುಗಿ ನೋಡಿದ.

“ಹಾಗಾದ್ರೆ ಎಲ್ಲ ಹೆಸರನ್ನೂ ಕತ್ತರಿಸಿಬಿಡೋದಾ?”

“ಎಲ್ಲವನ್ನೂ ಅಲ್ಲ... ದಿನಕ್ಕೆ ನೂರು ಸಲ ಕೂಗೋದನ್ನ ಮಾತ್ರ. ಮನೆಯಲ್ಲಿ ಯಾರನ್ನ ಹೆಚ್ಚು ಕೂಗ್ತೀವೋ ಅವರ ಹೆಸರನ್ನ ತಾನೇ ಚಿಕ್ಕದು ಮಾಡೋದು?”

ಅವನ ತುಟಿಯಂಚಿನಲ್ಲಿ ಏನೋ ಮಿಂಚಿ ಮಾಯವಾಯಿತು. ನಗುವೇ ಅದು! ಅವಳು ನೋಡಿಯೇಬಿಟ್ಟಳು.

ಅಂದಿನಿಂದ ಪ್ರತಿ ಮಧ್ಯಾಹ್ನ ಮೂರು ಗಂಟೆಗೆ ಇಬ್ಬರೂ ಕಿಟಕಿಯ ಪಕ್ಕದ ಮೇಜಿನಲ್ಲಿ ಹೆಸರು ಆರಿಸಲು ಕೂರುತ್ತಿದ್ದರು. ವಾರ್ಡುಗಳಿಂದ ತಂದ ಸಾವಿರಾರು ನಿಯಮಗಳನ್ನು ಅವಳು ಒಂದೊಂದಾಗಿ ಎಣಿಸಿದಳು. ಯಾವ ಪದ ಎಷ್ಟು ಸಲ ಬಂದಿದೆ, ಯಾವುದನ್ನು ಬರೆಯುವಾಗ ಸಿಸ್ಟರ್‌ಗಳು ತಪ್ಪು ಮಾಡುತ್ತಾರೆ ಎಂದು ಪಟ್ಟಿ ಮಾಡಿದಳು. ಹೆಚ್ಚು ಬಳಸುವುದಕ್ಕೆ ಎರಡಕ್ಷರ. ಹನಿ. ಕಾಯು. ನಿಲ್ಲು. ಅಪರೂಪದವಕ್ಕೆ ಉದ್ದದ ಹೆಸರು.

ಒಂದು ಹೆಸರಿನ ವಿಷಯದಲ್ಲಿ ಮಾತ್ರ ಅವನು ಜಗ್ಗಲಿಲ್ಲ. ‘ಔಷಧಿಯ-ಮಿತಿಯನ್ನು-ತೆಗೆದುಹಾಕು.’

“ಇದನ್ನೂ ಚಿಕ್ಕದು ಮಾಡೋಣ ಸರ್.”

“ಬೇಡ. ಕೈ ಓಡಬೇಕಾದ ಕಡೆ ಚಿಕ್ಕದಿರಲಿ. ಕೈ ತಡೆದು ಯೋಚನೆ ಮಾಡ್ಬೇಕಾದ ಕಡೆ ಉದ್ದವೇ ಇರ್ಬೇಕು. ಇದನ್ನ ಒತ್ತುವಾಗ ಆ ಸಿಸ್ಟರ್‌ಗೆ ಬೇಜಾರಾಗ್ಬೇಕು.”

ಅವಳು ಸೋತಳು. ಸೋತದ್ದಕ್ಕೆ ಯಾಕೋ ಖುಷಿಯಾಯಿತು!

ಅವನದೊಂದು ಪದ್ಧತಿಯಿತ್ತು. ರಟ್ಟಿನ ಹೊದಿಕೆಯ ದೊಡ್ಡ ಪುಸ್ತಕವೊಂದರಲ್ಲಿ ಪ್ರತಿ ಹೆಸರನ್ನೂ, ಅದರ ಕಾರಣವನ್ನೂ ಬರೆದು, ಆರಿಸಿದವರು ಪಕ್ಕದಲ್ಲಿ ಸಹಿ ಹಾಕಬೇಕು. ಮುಂದೆ ಯಾರಿಗಾದರೂ ಅನುಮಾನ ಬಂದರೆ ಯಾರನ್ನು ಕೇಳಬೇಕೆಂದು ಗೊತ್ತಿರಬೇಕು ಎನ್ನುತ್ತಿದ್ದ. ನಾಲ್ಕು ತಿಂಗಳಲ್ಲಿ ಆ ಪುಸ್ತಕದಲ್ಲಿ ಅವಳ ಸಹಿ ನಲವತ್ತೊಂದು ಸಲ ಬಿತ್ತು. ಅವಳ ಹೆಸರಿನಲ್ಲಿ ಬ್ಯಾಂಕಿನ ಪಾಸ್‌ಬುಕ್ ಬಿಟ್ಟರೆ ಬೇರೇನೂ ಇರಲಿಲ್ಲ. ಇದು ತನ್ನದು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಮೊದಲ ವಸ್ತು ಅದಾಗಿತ್ತು.

ಪ್ರೀತಿ ಯಾವಾಗ ಬಂತು ಎಂದು ಕೇಳಬೇಡಿ. ಅವಳಿಗೇ ಗೊತ್ತಿಲ್ಲ. ಅವನು ರಜೆ ಹಾಕಿದ ದಿನ ಮೂರು ಗಂಟೆ ಬಾರಿಸಿದರೂ ಬಾರಿಸಿದಂತೆ ಅನ್ನಿಸಲಿಲ್ಲ. ಆಗ ಗೊತ್ತಾಯಿತು, ಅಷ್ಟೇ.

ಕೊನೆಗೊಂದು ಶುಕ್ರವಾರ ಹೊಸ ಹೆಸರುಗಳೆಲ್ಲ ಆಸ್ಪತ್ರೆಯ ಯಂತ್ರಗಳಿಗೆ ಹೋಗುವುದೆಂದು ನಿಶ್ಚಯವಾಯಿತು. ಒಂಬತ್ತೂ ವಾರ್ಡುಗಳ ನಿಯಮಗಳನ್ನು ಅವಳೇ ಹೊಸ ಹೆಸರಿಗೆ ಬದಲಾಯಿಸಿದ್ದಳು. ಸಂಜೆ ಪರಿಶೀಲನೆಯ ಹಾಳೆಯನ್ನು ಅವನ ಮುಂದಿಟ್ಟಳು.

ಅವನು ಹಾಳೆಯನ್ನು ನೋಡಲಿಲ್ಲ. ಅವಳನ್ನು ನೋಡುತ್ತಿದ್ದ. ನೋಡುತ್ತಲೇ ಸಹಿ ಹಾಕಿದ.

“ಸೋಮವಾರ ನಿಮ್ಮ ಹತ್ತಿರ ಒಂದು ಮಾತು ಹೇಳೋದಿದೆ,” ಎಂದ.

“ಈಗಲೇ ಹೇಳಿ ಸರ್...”

“ಈಗ ಧೈರ್ಯ ಇಲ್ಲ. ಸೋಮವಾರಕ್ಕೆ ಬರುತ್ತೆ.”

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳು. ಮನೆಗೆ ಹೋಗಿ ಅಮ್ಮನನ್ನು ತಬ್ಬಿ ಗಿರಗಿರನೆ ತಿರುಗಿಸಿದಳು.

“ಬಿಡೇ, ಮಂಡಿ ನೋವು! ಏನಾಗಿದೆ ನಿನಗೆ?”

“ಏನಿಲ್ಲಮ್ಮಾ!” ಎಂದವಳ ಮುಖ ನೋಡಿ ಅಮ್ಮನಿಗೆ ಎಲ್ಲವೂ ಅರ್ಥವಾಗಿತ್ತು.

ಸೋಮವಾರ ಬಂತು. ಎಂಥ ಸೋಮವಾರ!

ಕಂಪನಿಯ ಯಜಮಾನರ ಗಾಜಿನ ಕೋಣೆಯಲ್ಲಿ ಆಸ್ಪತ್ರೆಯ ಮೂವರು ಕೂತಿದ್ದರು. ಅವರ ಮುಂದೆ ಹೆಸರುಗಳ ಪುಸ್ತಕ ತೆರೆದಿತ್ತು. ಅವನು ಪಕ್ಕದಲ್ಲಿ ನಿಂತಿದ್ದ. ಹೊಸ ಹೆಸರುಗಳು ಚೆನ್ನಾಗಿ ನಡೆದರೆ ಆಸ್ಪತ್ರೆಯವರೇ ಬಂದು ಅವನ್ನು ಮಾಡಿದವರನ್ನು ಕಾಣುತ್ತಾರೆ ಎಂದು ಯಜಮಾನರು ಹಿಂದೆಯೇ ಹೇಳಿದ್ದರು. ತನ್ನನ್ನು ಕರೆಯುತ್ತಾರೆಂದು ಅವಳು ಜಡೆ ಸರಿಮಾಡಿಕೊಂಡು ಕಾದಳು. ಯಾರೂ ಕರೆಯಲಿಲ್ಲ.

ಅವರು ಹೋದ ಮೇಲೆ ಪುಸ್ತಕ ಮೇಜಿನ ಮೇಲೇ ಉಳಿದಿತ್ತು. ತೆರೆದು ನೋಡಿದಳು.

ನಲವತ್ತೊಂದು ಕಡೆಯೂ ಅವಳ ಸಹಿ ಓದಲಾಗದಂತೆ ದಪ್ಪ ಅಡ್ಡಗೆರೆ ಬಿದ್ದಿತ್ತು. ಪಕ್ಕದಲ್ಲಿ ಅವನ ಸಹಿ. ಎಲ್ಲವೂ ಒಂದೇ ಶಾಯಿಯಲ್ಲಿ.

ಇಲ್ಲ... ಇವನು ಅಂಥವನಲ್ಲ... ಎಂದು ಮನಸ್ಸು ಬಡಬಡಿಸಿತು. ಆದರೆ ಕಣ್ಣಿಗೆ ಕಂಡದ್ದು ಸುಳ್ಳೇ?

“ಇದನ್ನ ಬದಲಾಯಿಸಿದ್ದು ನೀವಾ?”

ಅವನು ತಲೆಯೆತ್ತಿದ. ಮುಖ ಬಿಳಿಚಿಕೊಂಡಿತ್ತು, ಕಣ್ಣು ಕೆಂಪಾಗಿದ್ದವು.

“ಹೌದು. ನಾನೇ.”

“ಯಾಕೆ?”

“...ಈಗ ಹೇಳೋಕಾಗಲ್ಲ.”

“ನಾಲ್ಕು ತಿಂಗಳು ಹಗಲೂರಾತ್ರಿ ಎಣಿಸಿದ್ದು ನಾನು! ಅವರ ಮುಂದೆ ಅದೆಲ್ಲ ನಿಮ್ಮದಾಯ್ತಾ?”

“ನೀವು ಏನು ಬೇಕಾದ್ರೂ ಅಂದ್ಕೊಳ್ಳಿ. ದಯವಿಟ್ಟು ಈಗ ಕೇಳಬೇಡಿ.”

“ಸೋಮವಾರ ಹೇಳ್ತೀನಿ ಅಂದಿದ್ದು ಇದೇನಾ?”

ಅವಳು ಅಲ್ಲೇ ನಿಂತು ರಾಜೀನಾಮೆ ಬರೆದಳು. ಮೂರೇ ಪದ. ‘ಕೆಲಸ ಬಿಡುತ್ತಿದ್ದೇನೆ. ನಮಸ್ಕಾರ.’ ಯಜಮಾನರು ಓದಿ ಏನೋ ಹೇಳಲು ಬಾಯಿ ತೆರೆದರು, ಅವನ ಕಡೆ ನೋಡಿ ಸುಮ್ಮನಾದರು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಅವಳು ಅತ್ತಳು. ಕೆಲಸ ಹೋಯಿತೆಂದಲ್ಲ. ಅವನೇ ಹೀಗೆ ಮಾಡಿದನಲ್ಲ ಎಂದು.

ಎರಡು ತಿಂಗಳು ಕಳೆದವು. ಅವಳು ಚಪ್ಪಲಿ ಅಂಗಡಿಯೊಂದರ ಗೋದಾಮಿನಲ್ಲಿ ದಾಸ್ತಾನಿನ ಪಟ್ಟಿ ಮಾಡುವ ಕೆಲಸಕ್ಕೆ ಸೇರಿದ್ದಳು. ದಿನವಿಡೀ ಅಳತೆ, ಬಣ್ಣ, ಜೊತೆ. ಅಮ್ಮ ಏನೂ ಕೇಳಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯನ್ನು ಹತ್ತಿರ ಸರಿಸುತ್ತಿದ್ದಳು, ಅಷ್ಟೇ.

ಒಂದು ಬೆಳಿಗ್ಗೆ ಅಮ್ಮ ತನ್ನ ಹಳೆಯ ಶಿಷ್ಯೆಯನ್ನು ನೋಡಬೇಕೆಂದಳು. ಆ ಶಿಷ್ಯೆ ಈಗ ಮಕ್ಕಳ ಆಸ್ಪತ್ರೆಯ ದೊಡ್ಡ ಸಿಸ್ಟರ್. ಹೊಸ ಹೆಸರುಗಳನ್ನು ಮೊದಲು ಬಳಸಿ ನೋಡಿದವರೂ ಅವರೇ.

“ಬಾಮ್ಮಾ ಚುಟುಕು,” ಎಂದರು ಸಿಸ್ಟರ್. “ನಾಳೆ ವಿಚಾರಣೆಗೆ ನೀನೂ ಬರ್ತೀಯೇನು?”

“ಯಾವ ವಿಚಾರಣೆ?”

ಸಿಸ್ಟರ್ ಅವಳನ್ನೇ ದಿಟ್ಟಿಸಿದರು. “ನಿನಗೆ... ಯಾರೂ ಹೇಳಲೇ ಇಲ್ವಾ?”

ನಂತರ ಕೇಳಿದ ಒಂದೊಂದು ಮಾತೂ ಅವಳ ಎದೆಯ ಮೇಲೆ ಕಲ್ಲಿಟ್ಟ ಹಾಗೆ ಬಿತ್ತು.

ಆ ಆಸ್ಪತ್ರೆಯ ವಾರ್ಡುಗಳು ಒಂಬತ್ತಲ್ಲ. ಕಾರಿಡಾರಿನ ಕೊನೆಯಲ್ಲಿ ಸೋಂಕು ತಗಲಿದ ಕೂಸುಗಳಿಗೆಂದು ಇನ್ನೊಂದು ಕೋಣೆಯಿತ್ತು. ಬೇಕಾದಾಗ ಮಾತ್ರ ತೆರೆಯುತ್ತಿದ್ದರು. ಅದರ ಯಂತ್ರ ಕಪಾಟಿನಲ್ಲಿ ಬಂದ್ ಆಗಿರುತ್ತಿದ್ದುದರಿಂದ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ಅದರ ನಿಯಮಗಳೆಲ್ಲ ಹಳೆಯ ಉದ್ದದ ಹೆಸರುಗಳಲ್ಲೇ ಇದ್ದವು.

ಆ ಶುಕ್ರವಾರದ ನಂತರದ ಭಾನುವಾರ ಬೆಳಿಗ್ಗೆ ಹನ್ನೊಂದು ದಿನದ ಕೂಸೊಂದನ್ನು ಅಲ್ಲಿಗೆ ತಂದರು. ಯಂತ್ರ ಹಚ್ಚಿದರು. ಅದು ಹೊಸ ಹೆಸರುಗಳನ್ನು ತಾನೇ ತೆಗೆದುಕೊಂಡಿತು, ಆದರೆ ತನ್ನೊಳಗಿನ ನಿಯಮದ ‘ನಿಮಿಷಕ್ಕೆ-ಇಷ್ಟು-ಹನಿ-ಬಿಡು’ ಎಂಬ ಪದ ಅದಕ್ಕೀಗ ಗೊತ್ತೇ ಇರಲಿಲ್ಲ. ಕಿರುಚಿಕೊಂಡು ನಿಂತುಬಿಟ್ಟಿತು. ಬೇರೆ ಯಂತ್ರ ಸಿಕ್ಕದೆ ಸಿಸ್ಟರ್‌ಗಳು ಕೈಯಲ್ಲೇ ಹನಿ ಎಣಿಸಿ ಬಿಟ್ಟು, ಸರಿಯಾದ ಪ್ರಮಾಣಕ್ಕೆ ತರುವಷ್ಟರಲ್ಲಿ ಮೂವತ್ತೈದು ನಿಮಿಷವಾಗಿತ್ತು. ಗ್ಲೂಕೋಸ್ ಸಾಲದೆ ರಕ್ತದಲ್ಲಿ ಸಕ್ಕರೆ ಇಳಿದು ಕೂಸಿಗೆ ಫಿಟ್ಸ್ ಬಂತು.

“ಕೂಸು...?”

“ಉಳೀತು. ಈಗ ಚೆನ್ನಾಗಿದೆ. ನಿಮ್ಮ ಆಫೀಸಿನ ಆ ಹುಡುಗ ಮನೆ ಚಪ್ಪಲಿಯಲ್ಲೇ ಓಡಿ ಬಂದ ಕಣಮ್ಮಾ. ಹಳೆಯ ಹೆಸರುಗಳನ್ನೆಲ್ಲ ವಾಪಸ್ ಹಾಕಿದ. ಕೂಸು ಅಳೋವರೆಗೂ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದ. ಹೆಸರು ಆರಿಸಿದ್ದೂ ನಾನೇ, ಹಳೆಯದನ್ನ ಅಳಿಸು ಅಂದಿದ್ದೂ ನಾನೇ ಅಂತ ಬರೆದುಕೊಟ್ಟ. ನಾಳೆ ತೀರ್ಮಾನ. ಇನ್ನು ಯಾವ ಆಸ್ಪತ್ರೆಯ ಕೆಲಸವೂ ಅವನಿಗೆ ಸಿಗದ ಹಾಗೆ ಮಾಡ್ತಾರೆ ಅಂತಿದ್ದಾರೆ.”

ಅವಳು ಆ ಶುಕ್ರವಾರವನ್ನು ನೆನೆದಳು.

ಅವನು ಅಳಿಸು ಎಂದಿರಲಿಲ್ಲ! ‘ಹಳೆಯ ಹೆಸರುಗಳೂ ಒಂದು ವರ್ಷ ಇರಲಿ, ಹೊಸದಕ್ಕೆ ದಾರಿ ತೋರಿಸಿಕೊಂಡು,’ ಎಂದೇ ಹೇಳಿದ್ದ. ಶುಕ್ರವಾರ ಮಧ್ಯಾಹ್ನ ಅವಳೇ ಅವುಗಳನ್ನು ಕಿತ್ತುಹಾಕಿದ್ದಳು. ಒಂಬತ್ತು ವಾರ್ಡೂ ಮುಗಿಯಿತಲ್ಲ, ಇನ್ನು ಈ ಕಸ ಯಾಕೆ ಎಂದು. ಪರಿಶೀಲನೆಯ ಹಾಳೆಯಲ್ಲಿ ಅದನ್ನು ಬರೆದೂ ಇದ್ದಳು. ಅವನು ಓದಿರಲಿಲ್ಲ.

ಕಳ್ಳ ಎಂದು ಎರಡು ತಿಂಗಳು ಯಾರನ್ನು ಶಪಿಸಿದಳೋ, ಅವನು ಅವಳ ತಪ್ಪನ್ನು ತಲೆಯ ಮೇಲೆ ಹೊತ್ತು ನಿಂತಿದ್ದ.

“ಅಮ್ಮಾ...” ಎಂದಳು.

ಅಮ್ಮ ಊದಿದ ಬೆರಳುಗಳಿಂದ ಅವಳ ಕೆನ್ನೆ ಒರೆಸಿದಳು. “ವಾರ್ಡಿನಲ್ಲಿ ನಾನೂ ತಪ್ಪು ಮಾಡಿದ್ದೀನಿ ಕಣೇ. ಒಪ್ಪಿಕೊಂಡ ದಿನ ನಿದ್ದೆ ಬರುತ್ತೆ. ಇಲ್ಲದಿದ್ರೆ ಬರಲ್ಲ. ನಾಳೆ ಹೋಗು. ನಾನೂ ಬರ್ತೀನಿ.”

ಮರುದಿನ ಹತ್ತು ಗಂಟೆಗೆ ಆಸ್ಪತ್ರೆಯ ಎರಡನೆಯ ಮಹಡಿಯ ಕೋಣೆಯ ಬಾಗಿಲನ್ನು ಅವಳು ತಳ್ಳಿದಳು. ಉದ್ದ ಮೇಜಿನ ಆ ತುದಿಯಲ್ಲಿ ಹಿರಿಯ ಡಾಕ್ಟರಮ್ಮ, ಪಕ್ಕದಲ್ಲಿ ಯಜಮಾನರು, ದೊಡ್ಡ ಸಿಸ್ಟರ್. ಗೋಡೆಯ ಬದಿಯ ಕುರ್ಚಿಯಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸು.

ಮತ್ತೆ, ಅವನು. ಸೊರಗಿಹೋಗಿದ್ದ. ಅವಳನ್ನು ಕಂಡವನೇ ಎದ್ದು ನಿಂತ.

“ನೀವು ಹೋಗಿ. ಇಲ್ಲಿ ನಿಮಗೇನೂ ಕೆಲಸ ಇಲ್ಲ.”

“ಇದೆ,” ಎಂದಳು. “ಡಾಕ್ಟರ್, ಆ ಹೆಸರುಗಳನ್ನ ಆರಿಸಿದ್ದು ನಾನು. ಹಳೆಯದನ್ನ ಅಳಿಸಿದ್ದೂ ನಾನೇ. ಇವರು ಅಳಿಸಬೇಡ ಅಂದಿದ್ರು.”

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆದರೆ ಮೊದಲು ಮಾತಾಡಿದ್ದು ಕೂಸಿನ ತಾಯಿ.

“ಯಾಕಮ್ಮಾ ಅಳಿಸಿದೆ?”

ಅವಳು ಆ ತಾಯಿಯ ಕಡೆ ತಿರುಗಿದಳು. ಎಷ್ಟೋ ಉತ್ತರಗಳು ನಾಲಿಗೆಯ ತುದಿಗೆ ಬಂದವು. ಪಟ್ಟಿಯಲ್ಲಿ ಆ ಕೋಣೆ ಇರಲಿಲ್ಲ, ಯಂತ್ರ ಬಂದ್ ಆಗಿತ್ತು, ಯಾರೂ ಹೇಳಲಿಲ್ಲ... ಎಲ್ಲವನ್ನೂ ನುಂಗಿಕೊಂಡಳು.

“ನೋಡೋಕೆ ಚೊಕ್ಕಟವಾಗಿರ್ಲಿ ಅಂತ ಅಳಿಸಿದೆ ಅಕ್ಕಾ. ಅಷ್ಟೇ. ಬೇರೆ ಕಾರಣ ಇಲ್ಲ.”

ಆ ತಾಯಿ ಕೂಸಿನ ಟೋಪಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು.

“ಆ ಮೂವತ್ತೈದು ನಿಮಿಷ ನಾನು ಬದುಕಿರ್ಲಿಲ್ಲ,” ಎಂದಳು. “ನಿನ್ನ ಮೇಲೆ ಸಿಟ್ಟು ಇದೆ. ಹೋಗುತ್ತೆ ಅಂತಲೂ ಹೇಳಲ್ಲ. ಆದ್ರೆ ನೀನು ಬಂದು ಹೇಳಿದೆ. ಅದು ಒಳ್ಳೇದಾಯ್ತು. ಏನಾಯ್ತು ಅಂತ ಯಾರೂ ನನಗೆ ಸರಿಯಾಗಿ ಹೇಳಿರ್ಲಿಲ್ಲ.”

ಅವಳು ಕೈಮುಗಿದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಓದದೇ ಸಹಿ ಹಾಕಿದ್ದು ನಾನು,” ಎಂದ ಅವನು ಮೆಲ್ಲಗೆ. “ಹತ್ತು ವರ್ಷದಲ್ಲಿ ಮೊದಲ ಸಲ. ಓದಿದ್ರೆ ಅಲ್ಲೇ ಸಿಗ್ತಿತ್ತು. ತಪ್ಪು ಅವರೊಬ್ಬರದಲ್ಲ.”

“ಪುಸ್ತಕದಲ್ಲಿ ಸಹಿ ತಿದ್ದಿದ್ದು?” ಎಂದರು ಡಾಕ್ಟರಮ್ಮ.

“ಅದೂ ನಂದೇ. ಅವರು ಸೇರಿ ಆರು ತಿಂಗಳೂ ಆಗಿರ್ಲಿಲ್ಲ. ಗೊತ್ತಾದ್ರೆ ಅವತ್ತೇ ತೆಗೆದುಹಾಕ್ತಿದ್ರಿ. ಇನ್ನೆಲ್ಲೂ ಕೆಲಸ ಸಿಗ್ತಿರ್ಲಿಲ್ಲ.”

“ಅದಕ್ಕೆ ನಮಗೆ ಸುಳ್ಳು ಬರೆದುಕೊಟ್ರಿ. ಸತ್ಯ ಗೊತ್ತಿಲ್ಲದೆ ನಾವು ಏನನ್ನ ಸರಿ ಮಾಡೋದು?”

ಅವನು ತಲೆ ತಗ್ಗಿಸಿದ.

ಒಂದು ಗಂಟೆಯ ನಂತರ ತೀರ್ಮಾನವಾಯಿತು. ಒಂದು ವರ್ಷ ಇಬ್ಬರೂ ಯಂತ್ರಗಳಿಗೆ ತಾವಾಗಿ ಏನನ್ನೂ ಕಳಿಸುವಂತಿಲ್ಲ. ವಾರಕ್ಕೆರಡು ದಿನ ವಾರ್ಡಿನಲ್ಲಿ ಸಿಸ್ಟರ್‌ಗಳ ಜೊತೆ ನಿಂತು ಅವರು ಬರೆಯುವುದನ್ನು ನೋಡಬೇಕು. ಚಿಕ್ಕ ಹೆಸರುಗಳು ಇರುತ್ತವೆ, ಉದ್ದದವೂ ಇರುತ್ತವೆ, ಯಾವುದನ್ನೂ ಇನ್ನು ಅಳಿಸುವಂತಿಲ್ಲ. ಯಜಮಾನರು ಅವಳ ಕಡೆ ನೋಡಿ, “ಚಪ್ಪಲಿ ಗೋದಾಮು ಬಿಟ್ಟು ಬರ್ತೀಯೇನಮ್ಮಾ?” ಎಂದರು. ಅವಳು ಹೂಂ ಎಂದಳು.

ಹೊರಗೆ ಕಾರಿಡಾರಿನಲ್ಲಿ ಇಬ್ಬರೇ ಉಳಿದರು. ಒಂದು ಟ್ರಾಲಿ ಗಡಗಡ ಸದ್ದು ಮಾಡುತ್ತ ಹೋಯಿತು.

“ಎರಡು ತಿಂಗಳು ನಿಮ್ಮನ್ನ ಬೈದಿದ್ದೀನಿ,” ಎಂದಳು. “ದಿನಾ! ಹಲ್ಲುಜ್ಜೋವಾಗ್ಲೂ ಬೈದಿದ್ದೀನಿ.”

“ಗೊತ್ತು. ಬೈಸಿಕೊಳ್ಳೋದೇ ಸುಲಭ ಅನ್ನಿಸ್ತು.”

“ನನಗೆ ಹೇಳಿದ್ರೆ ನಾನೇ ಬಂದು ಒಪ್ಕೊಳ್ತಿದ್ದೆ.”

“ಒಪ್ಕೊಳ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.”

ಅವಳಿಗೆ ಸಿಟ್ಟು ಬಂತು. ಅಳುವೂ ಬಂತು. ಎರಡೂ ಒಟ್ಟಿಗೇ ಬಂದರೆ ಹೆಣ್ಣು ಏನು ಮಾಡಬೇಕು?

“ನನ್ನ ತಪ್ಪು ನಂದು! ನಾನು ಆರಿಸಿದ ಹೆಸರು ಎಷ್ಟು ನಂದೋ, ಅಷ್ಟೇ ನಂದು ಅದು. ನನ್ನನ್ನ ಒಂದು ಮಾತೂ ಕೇಳದೆ ಎರಡನ್ನೂ ಕಿತ್ಕೊಂಡ್ರಿ. ಉಳಿಸ್ತಿದ್ದೀನಿ ಅಂತ ನಿಮಗನ್ನಿಸ್ತು. ನನಗೆ ಹೇಗಾಗಿತ್ತು ಗೊತ್ತಾ? ನಾನು ಅಲ್ಲಿ ಇರ್ಲೇ ಇಲ್ಲ ಅನ್ನೋ ಹಾಗೆ ಮಾಡಿಬಿಟ್ರಿ.”

ಅವನ ಕಣ್ಣು ತುಂಬಿಕೊಂಡವು.

“ಹಾಗೆ ಯೋಚನೆ ಮಾಡಿರ್ಲಿಲ್ಲ,” ಎಂದ. “ನಿಜವಾಗ್ಲೂ ಮಾಡಿರ್ಲಿಲ್ಲ. ಆ ಶುಕ್ರವಾರ ನಾನು ಹಾಳೆ ನೋಡೋ ಬದಲು ನಿಮ್ಮನ್ನ ನೋಡ್ತಾ ಇದ್ದೆ. ಅದಕ್ಕೆ ಒಂದು ಕೂಸು ಸಾಯೋ ಹಾಗಾಯ್ತು. ನಿಮ್ಮನ್ನ ಪ್ರೀತಿಸಿದ್ದೇ ತಪ್ಪಾಯ್ತೇನೋ ಅನ್ನಿಸಿತ್ತು... ಅದನ್ನ ಹೇಗೆ ಹೇಳ್ಲಿ?”

ಪ್ರೀತಿಸಿದ್ದು! ಎರಡು ತಿಂಗಳು ತಡವಾಗಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಫಿನಾಯಿಲ್ ವಾಸನೆಯ ನಡುವೆ ಆ ಮಾತು ಬಂತು. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

“ಪ್ರೀತಿಸಿದ್ದು ತಪ್ಪಲ್ಲ. ಕೇಳದೇ ಇದ್ದದ್ದು ತಪ್ಪು.”

“ಇನ್ನು ಮೇಲೆ ಕೇಳ್ತೀನಿ.”

“ಏನೇ ಇದ್ರೂ?”

“ಏನೇ ಇದ್ರೂ. ನಿಮಗೆ ಸಂಬಂಧಪಟ್ಟದ್ದು ಏನೇ ಇದ್ರೂ ಮೊದಲು ನಿಮ್ಮನ್ನ ಕೇಳ್ತೀನಿ.”

“ಸರಿ. ಕೇಳಿ ಮತ್ತೆ.”

“ಈಗ್ಲಾ?”

“ಈಗ್ಲೇ. ಧೈರ್ಯಕ್ಕೆ ಇನ್ನೊಂದು ಸೋಮವಾರ ಕಾಯೋಕೆ ನನ್ನಿಂದಾಗಲ್ಲ!”

ಅವನು ನಕ್ಕ. ನಗುತ್ತಲೇ ಕಣ್ಣೀರು ಒರೆಸಿಕೊಂಡ. ಒಂದು ಹೆಜ್ಜೆ ಹತ್ತಿರ ಬಂದು ನಿಂತ. ತೋಳು ಚಾಚಲಿಲ್ಲ, ಕೈ ಹಿಡಿಯಲಿಲ್ಲ. ಅವಳ ಉತ್ತರ ಏನಿರುತ್ತದೋ ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

“ನನ್ನನ್ನ ಮದುವೆ ಆಗ್ತೀರಾ?”

ಅವಳು ಅವನ ಕೈಯನ್ನು ತಾನೇ ತೆಗೆದುಕೊಂಡಳು.

“ಆಗ್ತೀನಿ,” ಎಂದಳು. “ಬಾ. ಕೆಳಗೆ ಅಮ್ಮ ಕೂತಿದ್ದಾಳೆ. ಅವಳನ್ನೂ ನೀನೇ ಕೇಳ್ಬೇಕು.”